ಜಾಜಿನ ಗಣಿಯ ಹಾಜರಿ

೨೦೨೩ರ ನವೆಂಬರ್ ೧೪, ಮಧ್ಯಾಹ್ನ ೩ ಗಂಟೆ ೨೦ ನಿಮಿಷ. ಕೊಹಿನೂರ ಹಳ್ಳಿಯಾಚೆಯ ಗುಡ್ಡದಲ್ಲಿ, ಕುರಿ ಒಳಹೋಗದಂತೆ ಊರವರು ಹಳೆಯ ಗಣಿಗೆ ಹಚ್ಚಿದ್ದ ಕಬ್ಬಿಣದ ಬಾಗಿಲನ್ನು ತೆರೆದ, ಅದರ ಬೀಗದಕೈ ಕಾಯುವ ಮುಕ್ತಾಬಾಯಿ, ಗಣಿ ಅಳೆಯಲು ಬಂದ ಭೂವಿಜ್ಞಾನಿ ಸಂಜೀವಕುಮಾರನಿಗೆ ಒಂದೇ ಮಾತು ಹೇಳಿದಳು.

"ಒಳಗ ಯಾರರೆ ಹೆಸರ ಹಿಡದು ಕರದ್ರ ಹಾಜರ್ ಅನಬ್ಯಾಡ್ರಿ ಸರ. ನಾ ಅಂತೂ ನಿಮ್ಮ ಹೆಸರ ಹಿಡದು ಕರೆಯಂಗಿಲ್ಲ. ಬೇಕಾದ್ರ ಕಲ್ಲ ಬಡೀತೀನಿ."

ನಿಜಾಮರ ಕಾಲದಲ್ಲಿ, ನೂರು ವರ್ಷಕ್ಕೂ ಹಿಂದೆ, ಇಲ್ಲಿಯ ಜಾಜು, ಗೋಡೆಗೆ ಬಳಿಯುವ ಕೆಂಪು ಮಣ್ಣು, ಗಾಡಿಗಟ್ಟಲೆ ಹುಮನಾಬಾದಿಗೆ ಹೋಗುತ್ತಿತ್ತು. ಗುತ್ತೇದಾರ ಚಾವಣಿಗೆ ಆನಿಕೆಯ ಮರ ಕೊಡುತ್ತಿರಲಿಲ್ಲ. ಸಂಜೆ ಲೆಕ್ಕ ಬರೆಯುವ ಮುನ್ಷಿ ಗಣಿಯ ಬಾಯಲ್ಲಿ ನಿಂತು ಹೆಸರು ಕೂಗಿದರೆ ಆಳುಗಳು ಹಾಜರ್ ಎನ್ನುತ್ತ ಹೊರಬರುವರು. ಚಾವಣಿ ಕುಸಿದ ದಿನವೂ ಒಳಗೆ ಸಿಕ್ಕಿಬಿದ್ದವರು ಮುನ್ಷಿಯ ಕೂಗಿಗೆ ಹಾಜರ್ ಎಂದರಂತೆ. ಅಗೆಯುವ ಗೋಜು ಬೇಡವೆಂದು ಗುತ್ತೇದಾರ ಬಾಯಿಗೆ ಗೋಡೆ ಕಟ್ಟಿಸಿದ. ಒಳಗೆ ಉಳಿದವನೊಬ್ಬನ ಹೆಂಡತಿ ತನ್ನ ಕೂದಲನ್ನು ಜಾಜಿನಲ್ಲಿ ಕಲಸಿ ಅಲ್ಲೇ ಹೂತು ಮಾಟ ಮಾಡಿದಳು: ಇಲ್ಲಿ ಹಾಜರ್ ಅಂದವನು ಒಳಗೇ ಉಳಿಯಲಿ, ಅವನ ರೂಪದಲ್ಲಿ ನನ್ನವರಲ್ಲೊಬ್ಬ ಹೊರಬರಲಿ. ಗೋಡೆ ಎಂದೋ ಬಿತ್ತು, ಮಾಟ ಉಳಿಯಿತು.

"ಇಷ್ಟು ವರ್ಷ ರಜಾನೂ ಇಲ್ಲದ ಡ್ಯೂಟಿ ಏನ್ರಿ ಬಾಯಿ ಅವರದು?" ಎಂದು ನಕ್ಕ, ಊರಲ್ಲಿ ಈ ಕತೆ ಕೇಳಿದ್ದ ಸಂಜೀವಕುಮಾರ, ಕತ್ತಲೆಗೆ ಬಾಗಿ ತನ್ನ ಹೆಸರನ್ನೇ ಕೂಗಿದ. ಪ್ರತಿಧ್ವನಿ ಬರಲಿಲ್ಲ. ಮೆತ್ತನೆಯ ಮಣ್ಣು ಸದ್ದನ್ನು ಹೀರುತ್ತದೆ ಎಂದು ವಿವರಿಸಿದ. ಮುಕ್ತಾಬಾಯಿ ಸೆರಗನ್ನು ಬಾಯಿಗೊತ್ತಿಕೊಂಡು ಹಿಂದೆ ಸರಿದಳು.

ಒಳಗೆ ಬಾವಲಿ ಹಿಕ್ಕೆಯ ಘಾಟು, ಹಸಿ ಕಬ್ಬಿಣದಂಥ ವಾಸನೆ. ಕೆಂಪು ಧೂಳು ನಾಲಿಗೆಗೆ ಅಂಟಿತು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಎದುರಿನ ವಸ್ತು ಎಷ್ಟು ದೂರವಿದೆ ಎಂದು ತೋರಿಸುವ ಲೇಸರ್ ಅಳತೆಯಂತ್ರ ಹಿಡಿದು ನೆಟ್ಟಗೆ ಮೂವತ್ತೆಂಟು ಮೀಟರ್ ನಡೆದ. ಹಿಂದೆ ಬಾಗಿಲು ಉಗುರಿನಷ್ಟು ಬೆಳಕಾಗಿ ಉಳಿದಿತ್ತು.

"ಸಂಜೀವಕುಮಾರ."

ಅವನದೇ ದನಿ. ಹೋದ ಕೂಗು ಈಗ ಮರಳಿತ್ತು. ಶಾಲೆಯಿಂದ ಬಂದ ರೂಢಿ ಬುದ್ಧಿಗಿಂತ ಮುಂದೆ ಓಡಿತು.

"ಹಾಜರ್."

ಟಾರ್ಚ್ ಆರಿತು. ತಣ್ಣನೆಯ ಭುಜವೊಂದು ಅವನನ್ನು ಸವರಿಕೊಂಡು ದಾಟಿತು. ಬರಿಗಾಲಿನ ಸಪ್ಪಳ ಬಾಗಿಲ ಕಡೆ ಹೋಯಿತು.

ದೂರದಿಂದ ಮುಕ್ತಾಬಾಯಿಯ ಮಾತು ಕೇಳಿಸಿತು. "ಸರ, ಬರಿಗಾಲಿಲೇ ಬಂದೀರಿ. ಬೂಟ ಎಲ್ಲಿ ಬಿಟ್ರಿ?"

"ಒಳಗ ಯಾರೂ ಇಲ್ಲ," ಎಂದಿತು ಅವನ ದನಿ. "ಬೀಗ ಹಾಕು."

ಬಾಗಿಲು ಕಿರುಗುಟ್ಟಿತು. ಆಮೇಲೆ ಸರಪಳಿ ಸದ್ದು. ಬೆಳಕು ಹೋಯಿತು.

ಅವನು ಬಾಗಿಲ ಕಡೆ ನಾಲ್ಕು ಹೆಜ್ಜೆ ಓಡಿದ. ಕೂಗಿದ. ದನಿ ಇಲ್ಲ. ತನ್ನ ಹೆಸರು ನೆನೆದ. ಹೆಸರೂ ಇಲ್ಲ. ಬಡಿಯಲು ಕಲ್ಲು ತಡಕಿದ. ಸಿಕ್ಕಿದ್ದು ಬೆರಳು. ಪಕ್ಕದಲ್ಲಿ ಇನ್ನೊಂದು ಕೈ. ಅದರಾಚೆ ಇನ್ನೊಂದು. ಎಲ್ಲವೂ ಮೆಲ್ಲಗೆ ಸರಿದು ಅವನಿಗೆ ಜಾಗ ಮಾಡಿಕೊಟ್ಟವು.

ಅಳತೆಯಂತ್ರ ಮಾತ್ರ ಬೆಳಗುತ್ತಿತ್ತು. ಬಾಗಿಲಿದ್ದ ಕಡೆಗೆ ಹಿಡಿದು ಒತ್ತಿದ. ಮೂವತ್ತು ಮೀಟರ್‌ಗೂ ಹೆಚ್ಚು ಇರಬೇಕಿತ್ತು.

೦.೬೨ ಮೀಟರ್.