ಪೆನ್‌ಡ್ರೈವಿನಲ್ಲಿ ಉಳಿದದ್ದು

ಮಂಗಳವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕಲ್ಲು ಕ್ವಾರಿಯಲ್ಲಿ ಲಾರಿ ತೂಗುವುದು ಅವಳ ಕೆಲಸ. ಹೋದ ವರ್ಷ ಅಲ್ಲಿ ಸೈರನ್ ಕೂಗಿಸದೆಯೇ ಸಿಡಿಮದ್ದು ಹಾರಿಸಿದ್ದರಿಂದ ಇಬ್ಬರು ಆಳುಗಳು ಸತ್ತಿದ್ದರು. ಸೈರನ್ ಕೂಗಲಿಲ್ಲವೆಂದು ಹೇಳಲು ಒಪ್ಪಿದ್ದ ಸಾಕ್ಷಿ ಇವಳೊಬ್ಬಳೇ. ವಿಚಾರಣೆ ಶುಕ್ರವಾರಕ್ಕಿತ್ತು.

ಅವಳು ಚಾಚಿದ ಫೋನಿನಲ್ಲಿ ಹೆಸರಿಲ್ಲದ ಇಮೇಲ್ ಇತ್ತು. ‘ರಾತ್ರಿ ಅಡುಗೆಮನೆ ಕಿಟಕಿಗೆ ಚಿಲಕ ಹಾಕಿರಲಿಲ್ಲ. ಕೋರ್ಟಿಗೆ ಹೋದರೆ ಮಗಳು ಸ್ಕೂಲಿಂದ ವಾಪಸ್ ಬರಲ್ಲ.’

"ಹಾಕಿರ್ಲಿಲ್ವಾ?" ಇನ್‌ಸ್ಪೆಕ್ಟರ್ ಕೇಳಿದರು.

"ಇಲ್ಲ ಸಾರ್. ನಿನ್ನೆ ಇದು ಬಂದ್ಮೇಲೆ ಹೋಗಿ ನೋಡ್ದೆ. ತೆಗ್ದೇ ಇತ್ತು. ಹಿಂಗೇ ಇನ್ನೆರಡು ಬಂದಿವೆ."

ಜೊತೆಗೆ ಬಂದಿದ್ದ ಗಂಡ ಕಂಪ್ಯೂಟರ್ ರಿಪೇರಿಯವನು. "ಕಂಪ್ಲೇಂಟ್ ಎಲ್ಲಾ ಯಾಕೆ ಸಾರ್? ಸಾಕ್ಷಿ ಹೇಳೋಕೆ ಹೋಗ್ಬೇಡ ಅಂತ ನೀವಾದ್ರೂ ಹೇಳಿ. ನನ್ ಮಾತು ಗಾಳಿಗೆ ಹೋಗುತ್ತೆ."

"ನೀವು ಸುಮ್ನಿರ್ರಿ," ಎಂದಳು ಅವಳು. ದೂರಿಗೆ ಸಹಿ ಹಾಕಿದಳು. 10.40ಕ್ಕೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಮನೆಯ ಸ್ಥಳ ಪರಿಶೀಲನೆ. ಅಡುಗೆಮನೆ ಕಿಟಕಿಗೂ ಪಕ್ಕದವರ ಗೋಡೆಗೂ ನಡುವಿನ ಸಂದಿಗೆ ಇಳಿದ ಹೆಡ್ ಕಾನ್‌ಸ್ಟೆಬಲ್, ಠಾಣೆಯಲ್ಲಿ ಎಲ್ಲರೂ ಮೀಸೆ ಎಂದೇ ಕರೆಯುವ ದಪ್ಪ ಮನುಷ್ಯ, ಹೊಟ್ಟೆಯ ಹತ್ತಿರ ಸಿಕ್ಕಿಕೊಂಡ.

"ಸಾರ್, ಇಲ್ಲಿ ಬೆಕ್ಕೂ ಉಸಿರು ಬಿಗಿಹಿಡ್ಕೊಂಡೇ ಹೋಗ್ಬೇಕು!"

"ಚಿಲಕ ಕಾಣುತ್ತೇನ್ರೀ?"

"ಎಲ್ಲಿಂದ ಸಾರ್? ಗಾಜೆಲ್ಲಾ ಮಬ್ಬು."

ಇನ್‌ಸ್ಪೆಕ್ಟರ್ ಒಲೆಯ ಪಕ್ಕ ನಿಂತು ನೋಡಿದರು. ಚಿಲಕ ಒಳಗಿನವರಿಗೆ ಮಾತ್ರ ಕಾಣುತ್ತಿತ್ತು. ಆ ಹೆಂಗಸು ಅವರ ಮುಖವನ್ನೇ ನೋಡುತ್ತಿದ್ದಳು.

"ಏನ್ ಸಾರ್?"

"ಏನಿಲ್ಲಮ್ಮ. ರಾತ್ರಿ ಮಗಳ ಜೊತೆ ಒಳಗಿನ ಕೋಣೇಲಿ ಮಲ್ಕೊಳ್ಳಿ. ಬಾಗಿಲು ಹಾಕ್ಕೊಂಡು."

ಅವಳಿಗೆ ಏನರ್ಥವಾಯಿತೋ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಬುಧವಾರ ಸೈಬರ್ ಘಟಕದಿಂದ ಉತ್ತರ ಬಂತು. ಮೂರೂ ಇಮೇಲ್‌ಗಳು ಊರ ಲೈಬ್ರರಿಯ ಇಂಟರ್ನೆಟ್ಟಿನಿಂದ ಹೋಗಿದ್ದವು. ಅಲ್ಲಿದ್ದದ್ದು ಒಂದೇ ಕಂಪ್ಯೂಟರ್. ಯಂತ್ರದ ವಿಷಯ ಬಲ್ಲ ಮಹಿಳಾ ಕಾನ್‌ಸ್ಟೆಬಲ್ ಅದನ್ನು ಜಾಲಾಡಿ ತಲೆಯಾಡಿಸಿದಳು. "ಆ ದಿನಗಳಲ್ಲಿ ಇದನ್ನ ಯಾರೂ ಮುಟ್ಟೇ ಇಲ್ಲ ಸಾರ್."

"ಮುಟ್ಟದೇ ಏನಮ್ಮ," ಎಂದರು ಲೈಬ್ರರಿಯನ್. "ಆಗಾಗ ಅದರ ಗಡಿಯಾರ ಗಂಟೆಗಟ್ಟಲೆ ತಪ್ಪಿರುತ್ತೆ. ಸೋಮವಾರಾನೂ ಹಂಗೇ ಆಗಿತ್ತು."

ಕಾನ್‌ಸ್ಟೆಬಲ್ ತಿರುಗಿದಳು. "ಹಾಗಾದ್ರೆ ಯಾರೋ ಪೆನ್‌ಡ್ರೈವಿಂದ ವಿಂಡೋಸ್ ಬದಲು ಲಿನಕ್ಸ್ ಓಡಿಸಿದಾರೆ ಸಾರ್. ಅದು ಒಳಗಿನ ಡಿಸ್ಕ್ ಮುಟ್ಟಲ್ಲ, ಗುರುತೂ ಬಿಡಲ್ಲ. ಆದ್ರೆ ಗಡಿಯಾರಾನ ತನ್ನ ಲೆಕ್ಕಕ್ಕೆ ತಿರುಗಿಸಿಬಿಡುತ್ತೆ."

"ಸೋಮವಾರ ಇದರ ಮುಂದೆ ಯಾರು ಕೂತಿದ್ರು?" ಇನ್‌ಸ್ಪೆಕ್ಟರ್ ಕೇಳಿದರು.

"ಯಾರೂ ಇಲ್ಲಪ್ಪ. ರಿಪೇರಿಯವರು ಧೂಳು ತೆಗೆಯೋಕೆ ಬಂದಿದ್ರು. ಪಾಪ, ಕರೀದಿದ್ರೂ ಬರ್ತಾರೆ."

ಜೊತೆಗಿದ್ದ ಮೀಸೆಯ ಮುಖದ ನಗು ಇಳಿಯಿತು. "ಆ ಯಮ್ಮನ ಗಂಡ, ಸಾರ್!"

ಅಂಗಡಿಯಲ್ಲಿ ರಿಪೇರಿಯವನು ತಾನಾಗಿಯೇ ಬೀಗದ ಕೈ ಗೊಂಚಲಿನಿಂದ ಪೆನ್‌ಡ್ರೈವ್ ಬಿಚ್ಚಿಕೊಟ್ಟ. "ನೋಡ್ಕೊಳ್ಳಿ ಸಾರ್. ಆಫ್ ಮಾಡಿದ್ರೆ ಎಲ್ಲಾ ಮರೆತುಬಿಡುತ್ತೆ ಇದು." ಪಂಚರ ಎದುರು ಪಂಚನಾಮೆ ಬರೆದು, ನಕಲು ತೆಗೆದು, ಮೂಲಕ್ಕೆ ಸೀಲ್ ಹಾಕಿದರು. ಠಾಣೆಯಲ್ಲಿ ಅವನ ಎದುರೇ ಆ ನಕಲಿನಿಂದ ಕಂಪ್ಯೂಟರ್ ಚಾಲೂ ಆಯಿತು. ಕನ್ನಡ ಕೀಬೋರ್ಡ್ ಸಿದ್ಧವಾಗಿತ್ತು. ಲೈಬ್ರರಿಯ ವೈಫೈ ಹೆಸರೂ ಪಾಸ್‌ವರ್ಡೂ ಇದ್ದವು.

"ಮರೆತಿಲ್ವಲ್ರೀ?" ಎಂದರು ಇನ್‌ಸ್ಪೆಕ್ಟರ್.

"ಸೆಟ್ಟಿಂಗ್ ಉಳಿಯೋಕೆ ಅಂತ ಒಂದು ಭಾಗ ಬೇರೆ ಮಾಡಿಟ್ಟಿದೀನಿ ಸಾರ್. ಪ್ರತಿ ಗಿರಾಕಿ ಮನೇಲೂ ಮೊದಲಿಂದ ಹಾಕಿ ಹಾಕಿ ಸಾಕಾಗಿತ್ತು. ಅಷ್ಟೇ ಉಳಿಯೋದು."

"ಅಷ್ಟೇ ಅಲ್ಲ," ಎಂದಳು ಕಾನ್‌ಸ್ಟೆಬಲ್. "ನಿಮ್ಮ ಇಡೀ ಫೋಲ್ಡರ್ ಉಳಿಯುತ್ತೆ. ಬ್ರೌಸರ್ ನೆನಪೂ ಅದರಲ್ಲೇ ಇರೋದು." ಬ್ರೌಸರ್ ತೆರೆದಳು. ಪಾಸ್‌ವರ್ಡ್ ಕೇಳದೆಯೇ ಅಂಚೆಪೆಟ್ಟಿಗೆ ತೆರೆದುಕೊಂಡಿತು. ಕಳಿಸಿದ ಮೂರು ಇದ್ದವು. ಕಳಿಸದ ಒಂದೂ ಇತ್ತು: ‘ನಿನ್ನ ಮಗಳು ಗೋಡೆ ಕಡೆ ಮುಖ ಮಾಡಿ ಮಲಗ್ತಾಳೆ.’

ಸಂಜೆ 6.20ಕ್ಕೆ ರಿಪೇರಿಯವನ ಬಂಧನ ದಾಖಲಾಯಿತು.

"ಕ್ವಾರಿಯೋರು ದುಡ್ಡು ಕೊಟ್ರಾ?"

"ಇಲ್ಲ ಸಾರ್. ಅವರ ಜೀಪಿನ ಡ್ರೈವರ್ ಅಂಗಡಿಗೆ ಬಂದಿದ್ದ. ಮೇಜಿನ ಮೇಲಿದ್ದ ಮಗಳ ಫೋಟೋ ಎತ್ಕೊಂಡು ತುಂಬಾ ಹೊತ್ತು ನೋಡ್ದ. ಇಟ್ಟು ಹೋದ. ಏನೂ ಹೇಳ್ಲಿಲ್ಲ. ಹೇಳಿದ್ರೆ ಚೆನ್ನಾಗಿತ್ತು. ಹೆಂಡ್ತಿಗೆ ಹೇಳ್ದೆ. ಫೋಟೋ ನೋಡಿದ್ರೆ ಏನ್ ಸವೆದು ಹೋಗುತ್ತಾ ಅಂದ್ಲು. ನನ್ ಹೆದರಿಕೆ ಅವಳಿಗೆ ತಾಗ್ಲೇ ಇಲ್ಲ. ಅವರು ಏನಾದ್ರೂ ಮಾಡೋಕ್ಮುಂಚೆ ನಾನೇ ಹೆದರಿಸಿ ನಿಲ್ಲಿಸೋಣ ಅಂತ..."

ಹೇಳಿಕೆಯನ್ನು ಮೀಸೆ ಅಕ್ಷರ ಬಿಡದೆ ಬರೆದುಕೊಂಡ.

ಮಗಳೊಂದಿಗೆ ಠಾಣೆಗೆ ಬಂದ ಹೆಂಡತಿಗೆ ಇನ್‌ಸ್ಪೆಕ್ಟರೇ ವಿಷಯ ತಿಳಿಸಿದರು. ಅವಳು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಬೆಂಚಿನ ಮೇಲೆ ಕೂತಳು.

"ಅಂದ್ರೆ ಸಾರ್, ಕ್ವಾರಿಯೋರು ಇನ್ನೂ ಶುರುವೇ ಮಾಡಿಲ್ಲ."

ಇನ್‌ಸ್ಪೆಕ್ಟರ್ ಡ್ಯೂಟಿ ಪುಸ್ತಕ ತೆರೆದರು. "ಇವತ್ತಿಂದ ಮನೆ ಮುಂದೆ ಇಬ್ಬರನ್ನ ಹಾಕ್ತೀನಮ್ಮ," ಎಂದರು.

ಅವಳು ಎದ್ದಳು. ಮಗಳ ಹೆಗಲು ಹಿಡಿದುಕೊಂಡಳು.

"ಶುಕ್ರವಾರ ಕೋರ್ಟಿಗೆ ಎಷ್ಟೊತ್ತಿಗೆ ಬರ್ಲಿ ಸಾರ್?"