ಮೊದಲೇ ಬಂದ ಉತ್ತರ

ನಾನು ಬಾನುಲಿ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ನನ್ನ ತಮ್ಮ ಗ್ಯುಹೊನ ಮೀನುದೋಣಿ ಕಾಣೆಯಾದ ವಾರವೇ ನಮ್ಮಲ್ಲಿ ಹಳೆಯ ಪ್ರಸಾರ ನಿಂತು ಡಿಜಿಟಲ್ ಶುರುವಾಯಿತು. ದೋಣಿಯಲ್ಲಿದ್ದದ್ದು ಹಳೆಯ ರೇಡಿಯೊ, ಹೊಸ ಪ್ರಸಾರ ಅದಕ್ಕೆ ಸಿಗದು.

“ಇನ್ನೂ ಒಂದು ದಿನ ಹಳೇ ಪ್ರಸಾರಾನೂ ನಡೆಸಿ ಸಾರ್. ಅವನಿಗೆ ಕೇಳಿಸ್ಬೇಕು,” ಎಂದು ಎಂಜಿನಿಯರ್ ಪ್ಯೊನ್ ಅವರಲ್ಲಿ ಗೋಗರೆದೆ.

“ನನ್ನ ಕೈಲಿಲ್ಲಮ್ಮ. ಹೊಸ ಸಿಗ್ನಲ್ ಎಲ್ಲೀವರೆಗೆ ಮುಟ್ಟುತ್ತೆ, ನೋಡ್ಕೊಂಡು ಬಾ. ಸುಮ್ನೆ ಕೂತ್ರೆ ತಲೆ ಕೆಡುತ್ತೆ.”

ಹೊಸದು, ಹಳೆಯದು ಎರಡೂ ರೇಡಿಯೊಗಳನ್ನು ಕಾರಿನಲ್ಲಿಟ್ಟುಕೊಂಡು ಹೊರಟೆ. ಕಡಲಂಚಿನ ತಿರುವಿನಲ್ಲಿ ನಿಲ್ಲಿಸಿದಾಗ ಸಂಜೆಗತ್ತಲು. ಬಾನುಲಿಯಲ್ಲಿ ದೋಣಿಯವರಿಗೆ ಮನೆಮಂದಿಯ ಸಂದೇಶ ಓದುವ ಹೊತ್ತು; ನಾನೂ ಒಂದು ಬರೆದುಕೊಟ್ಟಿದ್ದೆ. ಹೊಸದರಲ್ಲಿ ಮಾತು ಸ್ಪಷ್ಟವಾಗಿತ್ತು, ಹಳೆಯದರಲ್ಲಿ ಬರೀ ಗೊರಗೊರ. ಇದ್ದಕ್ಕಿದ್ದಂತೆ ಆ ಗೊರಗೊರ ನಿಂತಿತು. ಹೀಟರ್ ಹಾಕಿದ್ದರೂ ನನ್ನ ಉಸಿರು ಬೆಳ್ಳಗೆ ಕಾಣಿಸಿತು. ದೋಣಿಯ ಡೀಸೆಲ್ ವಾಸನೆ ಬಂತು.

“ಸಾರು ಆರಿದ್ರೂ ಪರ್ವಾಗಿಲ್ಲ ಅಕ್ಕಾ,” ಎಂದಿತು ಹಳೆಯ ರೇಡಿಯೊ, ತಮ್ಮನ ದನಿಯಲ್ಲಿ. “ಕಾರಿನ ದೀಪ ಮಾತ್ರ ಆರಿಸ್ಬೇಡ.”

ಆಮೇಲೆ ಹೊಸದರಲ್ಲಿ ಉದ್ಘೋಷಕಿ ನನ್ನ ಸಂದೇಶ ಓದಿದಳು: “ಗ್ಯುಹೊ, ನಿನ್ನ ಹುಟ್ಟುಹಬ್ಬಕ್ಕೆ ಮಾಡಿದ ಕಡಲಪಾಚಿ ಸಾರು ಆರಿಹೋಗ್ತಿದೆ. ಬೇಗ ಬಾ.”

ದೋಣಿ ಇನ್ನೂ ಸಿಕ್ಕಿಲ್ಲ. ಸಂಜೆಯಾದರೆ ಕಾರಿನ ದೀಪ ಹಚ್ಚಿಕೊಂಡು ಆ ತಿರುವಿನಲ್ಲೇ ಕೂರುತ್ತೇನೆ. ಹಳೆಯ ರೇಡಿಯೊದಲ್ಲಿ ಗೊರಗೊರ ಮತ್ತೆ ಬಂದಿಲ್ಲ; ಆಚೆ ಯಾರೋ ಕೇಳಿಸಿಕೊಳ್ಳುತ್ತಿರುವಂತಿದೆ.