ಹೂಂ ಅನ್ನದ ಹೊನ್ನಾಜಿ

ಬಹಳ ಹಿಂದೆ ಬೆಳ್ಳಕ್ಕಿಪುರವೆಂಬ ರಾಜ್ಯದಲ್ಲಿ ಕತೆ ಹೇಳುವವರಿಗಿಂತ ಕತೆಗೆ ಹೂಂಗುಟ್ಟುವವರಿಗೇ ಮರ್ಯಾದೆ ಹೆಚ್ಚು. ಕೇಳುವವರು ‘ಹೂಂ’ ಅನ್ನದೆ ಯಾವ ಕತೆಯೂ ಮುಂದೆ ಹೋಗುವಂತಿಲ್ಲ, ಮುಗಿಯುವಂತೆಯೂ ಇಲ್ಲ. ಅದು ಅಲ್ಲಿನ ಕಟ್ಟಳೆ. ಅರಮನೆಯಲ್ಲಿ ಹೂಂಗುಟ್ಟುವ ಕೆಲಸ ಹೊನ್ನಾಜಿ ಮತ್ತು ಅವಳ ಅಕ್ಕ ದೇವೀರಿಯದು. ಅಕ್ಕನದು ಮೆತ್ತನೆಯ ಸ್ವಭಾವ, ಎಂಥ ಸಪ್ಪೆ ಕತೆಗೂ ಹೂಂ ಅಂದುಬಿಡುತ್ತಿದ್ದಳು. ಹೊನ್ನಾಜಿಗೆ ಮನಸ್ಸಿಗೆ ಬಾರದ್ದು ಬಾಯಿಗೂ ಬರುತ್ತಿರಲಿಲ್ಲ.

ರಾಜ್ಯದ ಅಂಚಿನಲ್ಲಿ ಕಜ್ಜಳಕೇತು ಎಂಬ ಮಾಂತ್ರಿಕನ ಕತೆಕೋಟೆಯಿತ್ತು. ಒಳಗೆ ಹೋದವರ ಮುಂದೆ ಗೋಡೆಯ ಮೇಲೆ ಕತೆ ಮೂಡಿ, ‘ಈಗ ನೀನೇನು ಮಾಡುತ್ತೀ?’ ಎಂದು ಕೇಳಿ, ಎರಡು ಬಾಗಿಲು ತೋರಿಸುತ್ತಿತ್ತು. ಸುಮ್ಮನೆ ಹೂಂ ಅಂದು ದಾಟಿದವರು ಹೆಸರಿಲ್ಲದ ಅಕ್ಷರಗಳಾಗಿ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಒಮ್ಮೆ ಅಲ್ಲಿ ಕತೆ ಕೇಳಲು ಹೋದ ದೇವೀರಿಯೂ ಅಂಟಿಕೊಂಡಳು. ಸುದ್ದಿ ಕೇಳಿ ಹೊನ್ನಾಜಿ ಅತ್ತಳು, ಬುತ್ತಿ ಕಟ್ಟಿಕೊಂಡಳು, ಹೊರಟೇಬಿಟ್ಟಳು.

ಮೊದಲ ಕೋಣೆಯ ಗೋಡೆ ಬರೆಯಿತು: ‘ಒಬ್ಬ ಮುದುಕಿ ಬಾಯಾರಿ ಬಿದ್ದಿದ್ದಾಳೆ. ನೀರು ಕೊಡುತ್ತೀಯೋ, ಒದೆಯುತ್ತೀಯೋ?’

“ಯಾರಪ್ಪ ಒದೀತಾರೆ? ಇದರಲ್ಲಿ ಯೋಚನೆ ಮಾಡೋಕೆ ಏನಿದೆ?” ಅಂದಳು ಹೊನ್ನಾಜಿ. “ಆ ಅಜ್ಜಿ ಹೆಸರೇನು? ಎಲ್ಲಿಗೆ ಹೊರಟಿದ್ಲು?”

“ಹೆಸರು ಕಟ್ಟಿಕೊಂಡು ನಿನಗೇನು? ಹೂಂ ಅನ್ನು,” ಅಂತು ಮಾಂತ್ರಿಕನ ದನಿ.

“ಅನ್ನಲ್ಲ.”

ಕತೆ ನಿಂತಲ್ಲೇ ನಿಂತಿತು. ಬೇರೆ ದಾರಿ ಕಾಣದೆ ಕಜ್ಜಳಕೇತು ಬರೆದ: ‘ಪುಟ್ಟತಾಯಮ್ಮ, ಮಗಳ ಬಾಣಂತನಕ್ಕೆ ಹೊರಟವಳು.’ ಹೆಸರು ಬಂದದ್ದೇ ತಡ, ಅಜ್ಜಿ ಗೋಡೆಯಿಂದ ಇಳಿದು ಬಂದು ನೀರು ಕೇಳಿದಳು.

ಎರಡನೆಯ ಕೋಣೆಯಲ್ಲಿ ಹುಲಿಯೊಂದು ಅಡ್ಡ ನಿಂತಿತ್ತು. ‘ಕೊಲ್ಲುತ್ತೀಯೋ, ಬಿಡುತ್ತೀಯೋ?’ ಹೊನ್ನಾಜಿ ಎರಡೂ ಬಾಗಿಲಲ್ಲಿ ಇಣುಕಿದಳು. ಎರಡರಾಚೆಗೂ ಇದ್ದದ್ದು ಒಂದೇ ಕೋಣೆ.

“ಏನು ಮಾಡಿದರೂ ಅಲ್ಲಿಗೇ ಹೋಗೋದಾದ್ರೆ ನನ್ನನ್ನ ಯಾಕೆ ಕೇಳ್ತೀರಿ ಸ್ವಾಮಿ? ಮೊದಲು ಈ ಹುಲಿ ಯಾರು, ಅದನ್ನ ಹೇಳಿ.”

ಮಾಂತ್ರಿಕನಿಗೆ ನಾಚಿಕೆಯಾಯಿತು. ‘ಕಾವಲಿನ ಭೈರನಾಯಕ’ ಎಂದು ಬರೆದ. ಹುಲಿಯ ಚರ್ಮ ಕಳಚಿಬಿತ್ತು, ಭೈರನಾಯಕ ಮೀಸೆ ತಡವಿಕೊಂಡ.

ಮೂರನೆಯ ಕೋಣೆಗೆ ಕಜ್ಜಳಕೇತು ತಾನೇ ಬಂದ. ರೋಷ ಹತ್ತಿತ್ತು. ಮನಸ್ಸಿಟ್ಟು ಬರೆದ: ‘ಗೋಡೆಯ ತುಂಬ ಜನ. ಒಬ್ಬೊಬ್ಬರಿಗೂ ಮನೆಯಲ್ಲಿ ಕಾಯುವವರಿದ್ದಾರೆ. ಬಲಬಾಗಿಲು ತೆರೆದರೆ ದೇವೀರಿ ಬರುತ್ತಾಳೆ, ಉಳಿದವರು ಅಳಿಸಿಹೋಗುತ್ತಾರೆ. ಎಡಬಾಗಿಲು ತೆರೆದರೆ ಅವರೆಲ್ಲ ಬರುತ್ತಾರೆ, ದೇವೀರಿ ಇಲ್ಲೇ ಉಳಿಯುತ್ತಾಳೆ.’

ಹೊನ್ನಾಜಿ ತಪ್ಪು ಹುಡುಕಿದಳು, ಸಿಗಲಿಲ್ಲ. ಅಕ್ಕನಿಲ್ಲದ ಮನೆ ನೆನೆದು ಬಲಬಾಗಿಲ ಚಿಲಕ ಮುಟ್ಟಿದಳು. ಗೋಡೆಯ ಮೇಲಿನ ಜನರತ್ತ ತಿರುಗಿ ನೋಡಿದಳು. ಕಣ್ಣೊರೆಸಿಕೊಂಡು ಹೂಂ ಅಂದು ಎಡಬಾಗಿಲು ತೆರೆದಳು. ಜನ ದಬದಬನೆ ಇಳಿದರು. ಗೋಡೆಯ ಮೇಲೆ ದೇವೀರಿಯೊಬ್ಬಳೇ ಉಳಿದಳು.

“ಕತೆ ಮುಗೀತು. ಎಲ್ಲ ಹೂಂ ಅನ್ನಿ,” ಅಂದ ಮಾಂತ್ರಿಕ.

ಪುಟ್ಟತಾಯಮ್ಮ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. “ಇವಳ ಅಕ್ಕ ಗೋಡೇಲಿದ್ರೆ ಕತೆ ಹೆಂಗಪ್ಪ ಮುಗೀತು? ನಾನಂತೂ ಅನ್ನಲ್ಲ.”

ಭೈರನಾಯಕ ಕೂತ. ಇಳಿದು ಬಂದ ಜನವೆಲ್ಲ ಬಾಯಿ ಬಿಗಿದು ಕೂತರು. ಮುಗಿಯದ ಕತೆ ಮಾಂತ್ರಿಕನ ಗಂಟಲಲ್ಲಿ ಸಿಕ್ಕಿಕೊಂಡಿತು. ಬೈದ, ಬೆದರಿಸಿದ, ಬೇಡಿಕೊಂಡ. ಕಡೆಗೆ ಸೋತು, ‘ದೇವೀರಿ ಇಳಿದಳು’ ಎಂದು ಬರೆದ. ಎಲ್ಲರೂ ಒಟ್ಟಿಗೆ ಹೂಂ ಅಂದ ರಭಸಕ್ಕೆ ಕೋಟೆ ಸುಣ್ಣದ ಪುಡಿಯಾಯಿತು, ಮಾಯೆ ಮುಗಿಯಿತು.

ಮೈಯೆಲ್ಲ ಸುಣ್ಣವಾಗಿ ನಿಂತ ಕಜ್ಜಳಕೇತು ಮೆಲ್ಲಗೆ ಕೇಳಿದ, “ಮೂರನೇದು ಚೆನ್ನಾಗಿತ್ತಾ?”

“ಚೆನ್ನಾಗಿತ್ತು. ಅದಕ್ಕೇ ನಿಮ್ಮ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ,” ಅಂದಳು ಹೊನ್ನಾಜಿ.

ಅವನನ್ನು ಅರಮನೆಗೆ ಕರೆತಂದು ಮಕ್ಕಳಿಗೆ ಕತೆ ಹೇಳಲು ಕೂರಿಸಿದರು. ಪುಟ್ಟತಾಯಮ್ಮ ಬಾಣಂತಿ ಮಗಳನ್ನು ಕಂಡಳು, ರಾಜ್ಯವೆಲ್ಲ ನೆಮ್ಮದಿಯಾಗಿ ಉಂಡು ಮಲಗಿತು.

ಆ ದಿನ ಮನೆಯ ದಾರಿಯಲ್ಲಿ ದೇವೀರಿ, “ನನ್ನ ಬಿಟ್ಟು ಆ ಬಾಗಿಲು ತೆಗೆದೆಯಲ್ಲೇ,” ಅಂದಳು.

ಹೊನ್ನಾಜಿ ತಲೆ ತಗ್ಗಿಸಿದಳು. “ತೆಗೆದೆ ಅಕ್ಕ.”

“ಇನ್ನೊಂದು ತೆಗೆದಿದ್ರೆ ಜನ್ಮದಲ್ಲಿ ನಿನ್ನ ಜೊತೆ ಮಾತಾಡ್ತಿರಲಿಲ್ಲ,” ಎಂದು ಅಕ್ಕ ಅವಳ ಕೈ ಹಿಡಿದುಕೊಂಡಳು.